ದಿನಾ ಬೆಳಗ್ಗೆ ಸಿಸ್ಟಂ ಆನ್ ಮಾಡಿದ್ರೆ ಸೌಂಡ್ ಸೆಟ್ಟಿಂಗ್ ಎಲ್ಲಾ ಮೊದಲಿನಂಗೇ ಆಗೋಗಿರ್ತದೆ, ಏನ್ ಮಾಡ್ಲಿ ಗುರೂ

ಗುಬ್ಬಿ_ಗುರು | ಸೋಮವಾರ, ಬೆಳಗ್ಗೆ 10:20

ಎಲ್ರಿಗೂ ನಮಸ್ಕಾರ. ನಾನು ತುಮಕೂರಲ್ಲಿ ನಮ್ಮ ಮಾವನ ಅಂಗಡೀಲಿ ಕೂತ್ಕೊಳ್ಳೋದು, ಜೆರಾಕ್ಸು, ಲ್ಯಾಮಿನೇಷನ್ನು, ಅದ್ರ ಜೊತೆಗೆ ಆಟೋ ಪ್ರಚಾರದ ಅನೌನ್ಸ್‌ಮೆಂಟ್ ರೆಕಾರ್ಡಿಂಗ್ ಮಾಡ್ಕೊಡ್ತೀವಿ. ಅದೇ, ಆಟೋ ಮೇಲೆ ಎರಡು ಹಾರ್ನ್ ಕಟ್ಕೊಂಡು ಊರೆಲ್ಲಾ ಸುತ್ತುತ್ತಲ್ಲ, ಆ ದನಿ ನಂದೇ. ಈಗ ಶಿವರಾತ್ರಿ ಹತ್ರ ಬಂತು, ಸಿದ್ಧಗಂಗೆ ಜಾತ್ರೆ ಟೈಮು, ಕೆಲಸ ತಲೆ ಮೇಲೆ ಕೂತಿದೆ.

ಪ್ರಾಬ್ಲಮ್ ಏನಪ್ಪ ಅಂದ್ರೆ ದಿನಾ ಬೆಳಗ್ಗೆ ಸಿಸ್ಟಂ ಆನ್ ಮಾಡ್ತೀನಿ, ಸೌಂಡೇ ಬರಲ್ಲ. ನೋಡಿದ್ರೆ ಔಟ್‌ಪುಟ್ಟು ಮಾನಿಟರ್‌ಗೆ ಹೋಗಿರ್ತದೆ, ಮಾನಿಟರ್‌ನಲ್ಲಿ ಸ್ಪೀಕರೇ ಇಲ್ಲ ಸ್ವಾಮಿ. ಸರಿ ಅಂತ ಅದನ್ನ ಬದಲಾಯಿಸ್ತೀನಿ, ಆಗ್ಲೂ ಹಿಂದ್ಗಡೆ ಸ್ಪೀಕರ್ ಮೂಗ, ಯಾಕಂದ್ರೆ ಹೆಡ್‌ಫೋನ್ ಮುಂದೆ ಸಿಗ್ಸಿರ್ತೀನಿ. ಕಿತ್ತು ಹಾಕಿ ಕಿತ್ತು ಹಾಕಿ ಮುಂದಿನ ಜ್ಯಾಕ್ ಲೂಸಾಗಿದೆ ಅದಕ್ಕೆ ಅಲ್ಲೇ ಬಿಟ್ಟಿರ್ತೀನಿ. ಯಾರೋ ಹೇಳಿದ್ರು ಅಂತ ಟರ್ಮಿನಲ್ (ಕಮಾಂಡ್ ಟೈಪ್ ಮಾಡೋ ಕಿಟಕಿ) ಓಪನ್ ಮಾಡಿ, ಆಲ್ಸಾಮಿಕ್ಸರ್ ಅನ್ನೋ ಸೌಂಡ್ ಕಂಟ್ರೋಲ್ ಪ್ರೋಗ್ರಾಂನಲ್ಲಿ ಆಟೋ ಮ್ಯೂಟ್ ಅನ್ನೋದನ್ನ, ಅದೇ ಹೆಡ್‌ಫೋನ್ ಸಿಗ್ಸಿದ್ರೆ ಸ್ಪೀಕರ್‌ನ ತಾನೇ ಬಂದ್ ಮಾಡೋದು, ಡಿಸೇಬಲ್ ಮಾಡ್ತೀನಿ, ಆಗ ಸ್ಪೀಕರ್ ಬರ್ತದೆ. ಆಮೇಲೆ ಮೈಕ್ ಬೂಸ್ಟು (ಮೈಕ್ ದನಿ ಜೋರು ಮಾಡೋದು) ಸೊನ್ನೆಗೆ ಬಂದಿರ್ತದೆ, ಅದನ್ನ 20 ಡಿಬಿಗೆ ತರ್ತೀನಿ. ಇಷ್ಟೆಲ್ಲಾ ಮಾಡೋ ಹೊತ್ಗೆ ಕಾಲು ಗಂಟೆ, ಎದುರಿಗೆ ಗಿರಾಕಿ ನಿಂತ್ಕೊಂಡು ಆಧಾರ್ ಕಾರ್ಡ್ ಬೀಸಣಿಗೆ ಮಾಡ್ಕೊಂಡಿರ್ತಾರೆ. ಸಂಜೆ ತನ್ಕ ಚೆನ್ನಾಗಿರ್ತದೆ. ಮಾರನೇ ದಿನ ಬೆಳಗ್ಗೆ ಮತ್ತೆ ಅದೇ ಕಥೆ.

ಸಿಸ್ಟಂ 4ನೇ ಜನರೇಷನ್ ಐ3, ಬೋರ್ಡಲ್ಲೇ ಇರೋ ರಿಯಲ್‌ಟೆಕ್ ಸೌಂಡು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ನಿಂತೋಯ್ತಲ್ಲ, 11 ಈ ಮುದುಕಪ್ಪನ ಮೇಲೆ ಕೂರಲ್ಲ, ಅದಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ 21.3 ಮಾಟೆ ಹಾಕೊಂಡೆ. ಬೇರೆಲ್ಲಾ ಸೂಪರ್ ಆಗಿದೆ, ಇದೊಂದೇ ತಲೆನೋವು.

ಫಾರ್ಮ್ಯಾಟ್_ಮಾಡಿ_ಬಿಸಾಕು | ಸೋಮವಾರ, ಬೆಳಗ್ಗೆ 10:31

ಫಾರ್ಮ್ಯಾಟ್ ಮಾಡಿ ಬಿಸಾಕು ಗುರು, ವಿಂಡೋಸ್ 10 ವಾಪಸ್ ಹಾಕು. ಜೆರಾಕ್ಸ್ ಅಂಗಡೀಗೆ ಲಿನಕ್ಸ್ ಯಾಕ್ ಬೇಕಿತ್ತು

ಕ್ಯಾತ್ಸಂದ್ರ_ಸರ್ವೀಸ್ | ಸೋಮವಾರ, ಬೆಳಗ್ಗೆ 11:05

ಮೇಲಿನೋರ ಮಾತಿಗೆ ಕಿವಿ ಕೊಡ್ಬೇಡಿ, ಅವ್ರು ಮದುವೆ ಮನೇಲಿ ಊಟಕ್ಕೆ ಉಪ್ಪು ಕಮ್ಮಿ ಆದ್ರೂ ಫಾರ್ಮ್ಯಾಟ್ ಮಾಡಿ ಅಂತಾರೆ.

ಗುರು ಅವ್ರೆ, 4ನೇ ಜನರೇಷನ್ ಅಂದ್ರಲ್ಲ, ಆ ಬೋರ್ಡುಗಳಲ್ಲಿ ಎಚ್‌ಡಿಎಂಐ ಸೌಂಡ್ ಒಂದು ಬೇರೆ ಕಾರ್ಡು, ಹಿಂದ್ಗಡೆ ಹಸಿರು ಜ್ಯಾಕಿನ ಸೌಂಡ್ ಒಂದು ಬೇರೆ ಕಾರ್ಡು ಅಂತ ತೋರ್ಸುತ್ತೆ. ಬಹಳ ಸಲ ಎಚ್‌ಡಿಎಂಐ ಸೊನ್ನೇ ನಂಬರ್ ಕಾರ್ಡ್ ಆಗಿರ್ತದೆ, ಅನಲಾಗ್ ಒಂದನೇ ನಂಬರು. ಮಾನಿಟರ್ ಎಚ್‌ಡಿಎಂಐ ವೈರಲ್ಲೇ ಇದ್ಯಾ? ಮಾನಿಟರಿಗೆ ಸ್ಪೀಕರ್ ಇಲ್ದೇ ಇದ್ರೂ ನನಗೆ ಸೌಂಡ್ ಬರ್ತದೆ ಅಂತ ಕೆಲವು ಮಾನಿಟರ್ ಹೇಳ್ಕೊಳ್ತವೆ, ಸಿಸ್ಟಂ ಪಾಪ ನಂಬ್ಕೊಳ್ತದೆ.

ಗುಬ್ಬಿ_ಗುರು | ಸೋಮವಾರ, ಬೆಳಗ್ಗೆ 11:40

ಹೌದಣ್ಣ ಎಚ್‌ಡಿಎಂಐ ವೈರೇ. ಮಾನಿಟರ್ ಹಿಂದೆ ಆಡಿಯೋ ಔಟ್ ಅಂತ ಒಂದು ತೂತು ಇದೆ, ಅಷ್ಟೇ.

ಮಿಂಟ್_ಚಟ್ನಿ | ಸೋಮವಾರ, ಮಧ್ಯಾಹ್ನ 1:15

ಊಟದ ಹೊತ್ತಲ್ಲಿ ಬರೀತಿದೀನಿ, ಫೋನಲ್ಲಿ ಕನ್ನಡ ಕೀಬೋರ್ಡ್ ಬಿಟ್ಟು ಇನ್ನೊಂದಕ್ಕೆ ಹೋಗೋಕೆ ಸೋಮಾರಿತನ, ಕಮಾಂಡ್‌ನ ಅಕ್ಷರ ಬಿಡಿಸಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ.

ನೀವು ಒಂದು ಪ್ರಾಬ್ಲಮ್ ಅಂತಿದೀರ, ನನಗೆ ಇದ್ರಲ್ಲಿ ಮೂರು ಕಾಣ್ತಿದೆ. ಮೂರಕ್ಕೂ ಬೇರೆ ಬೇರೆ ಜವಾಬ್ದಾರಿ. ಮಿಂಟ್ 21ರಲ್ಲಿ ಕೆಳಗಡೆ ಇರೋದು ಆಲ್ಸಾ, ಅದು ಕರ್ನಲ್ ಜೊತೆ, ಹಾರ್ಡ್‌ವೇರ್ ಜೊತೆ ಮಾತಾಡೋದು. ಅದ್ರ ಮೇಲೆ ಕೂತಿರೋದು ಪಲ್ಸ್‌ಆಡಿಯೋ. ನೀವು ಮೌಸಲ್ಲಿ ಎಳೆಯೋ ವಾಲ್ಯೂಮು, ಯಾವ ಕಾರ್ಡು, ಯಾವ ಪೋರ್ಟು, ಇದೆಲ್ಲಾ ಪಲ್ಸ್ ನೆನಪಿಟ್ಕೊಳ್ತದೆ, ನಿಮ್ಮ ಹೋಮ್ ಫೋಲ್ಡರ್‌ನ ಕಾನ್ಫಿಗ್ ಒಳಗೆ ಪಲ್ಸ್ ಅಂತ ಫೋಲ್ಡರ್‌ನಲ್ಲಿ ಬರ್ಕೊಳ್ತದೆ. ಆಟೋ ಮ್ಯೂಟ್ ಇದ್ಯಲ್ಲ, ಅದು ಪಲ್ಸ್‌ಗೆ ಸಂಬಂಧವೇ ಇಲ್ಲ. ಅದು ಆಲ್ಸಾದ್ದು, ಆಲ್ಸಾ ಬೇರೆ ಕಡೆ ಬರ್ಕೊಳ್ತದೆ.

ಮೊದ್ಲು ಸುಲಭದ್ದು. ಸೌಂಡ್ ಪ್ರಿಫರೆನ್ಸಸ್‌ನಲ್ಲಿ ಹಾರ್ಡ್‌ವೇರ್ ಟ್ಯಾಬ್‌ಗೆ ಹೋಗಿ. ಎರಡು ಕಾರ್ಡ್ ಕಾಣ್ಬೇಕು. ಎಚ್‌ಡಿಎಂಐ ಕಾರ್ಡ್ ಮೇಲೆ ಕ್ಲಿಕ್ ಮಾಡಿ ಕೆಳಗಡೆ ಪ್ರೊಫೈಲ್‌ನಲ್ಲಿ ಆಫ್ ಅಂತ ಇಡಿ. ಬಾಗ್ಲೇ ಮುಚ್ಚಿದ್ಮೇಲೆ ಅಲ್ಲಿಗೆ ಹಾರಿ ಹೋಗೋ ಪ್ರಶ್ನೆ ಇಲ್ಲ. ಆಮೇಲೆ ಔಟ್‌ಪುಟ್ ಟ್ಯಾಬಲ್ಲಿ ಕನೆಕ್ಟರ್ ಅಂತ ಇರ್ತದೆ, ಅದನ್ನ ಲೈನ್ ಔಟ್‌ಗೆ, ಅಂದ್ರೆ ಹಿಂದ್ಗಡೆ ಜ್ಯಾಕಿಗೆ, ಇಡಿ.

ಎರಡನೇದು ಆಟೋ ಮ್ಯೂಟ್. ಆಲ್ಸಾಮಿಕ್ಸರ್ ತೆಗೆದ್ರೆ ಮೊದ್ಲು ಪಲ್ಸ್‌ನ ಒಂದೇ ಒಂದು ಕಂಬ ಕಾಣ್ತದೆ, ನಿಮಗೆ ಗೊತ್ತಿರ್ಬೇಕು, ಎಫ್6 ಒತ್ತಿ ಪಿಸಿಎಚ್ ಅಂತ ಇರೋ ಕಾರ್ಡ್ (ಹಸಿರು ಜ್ಯಾಕಿಂದು) ಆರಿಸ್ಕೊಂಡು ಬಲಕ್ಕೆ ಕೊನೇ ತನ್ಕ ಹೋಗಿ ಡಿಸೇಬಲ್ ಮಾಡಿ, ಎಸ್ಕೇಪ್ ಒತ್ತಿ ಹೊರಗೆ ಬನ್ನಿ. ಈಗ ಕಮಾಂಡು: ಸುಡೋ (ಅಡ್ಮಿನ್ ಅಧಿಕಾರದಲ್ಲಿ ಓಡ್ಸು ಅಂತ), ಒಂದು ಸ್ಪೇಸು, ಎ ಎಲ್ ಎಸ್ ಎ ಸಿ ಟಿ ಎಲ್ ಒಂದೇ ಪದ, ಮತ್ತೆ ಸ್ಪೇಸು, ಸ್ಟೋರ್. ಅಂಗಡಿ ಅನ್ನೋ ಸ್ಟೋರೇ. ಎಲ್ಲಾ ಚಿಕ್ಕಕ್ಷರ.

ಮೂರನೇದು ಮೈಕು, ಅದನ್ನ ಆಮೇಲೆ ನೋಡೋಣ, ಅದ್ರಲ್ಲಿ ತಪ್ಪು ನಿಮ್ದೇ ಅಂತ ನನಗೆ ಅನುಮಾನ.

ಚಿನ್ನದೂರು_ಮೇಡಂ | ಸೋಮವಾರ, ಮಧ್ಯಾಹ್ನ 2:50

ಮಧ್ಯದಲ್ಲಿ ಬಂದಿದ್ದಕ್ಕೆ ಕ್ಷಮಿಸಿ, ನಮ್ದೂ ಸೇಮ್ ಪ್ರಾಬ್ಲಮ್ಮು ಆದ್ರೆ ವಿಂಡೋಸ್. ಕೋಲಾರದ ಕಡೆ ಒಂದು ಶಾಲೆ ಲ್ಯಾಬಲ್ಲಿ 12 ಸಿಸ್ಟಂ ಇದಾವೆ. ಮಕ್ಳಿಗೆ ಪಾಠದ ವಿಡಿಯೋ ತೋರ್ಸೋಣ ಅಂತ ವಾಲ್ಯೂಮ್ ಇಡ್ತೀನಿ, ಸ್ಪೀಕರ್ ಡಿಫಾಲ್ಟ್ ಮಾಡ್ತೀನಿ, ರೀಸ್ಟಾರ್ಟ್ ಆದ್ರೆ ಎಲ್ಲಾ ಹೋಗ್ಬಿಡತ್ತೆ. 12ಕ್ಕೆ 12ರಲ್ಲೂ. ಡ್ರೈವರ್ ಹೊಸದು ಹಾಕ್ದೆ, ರೀಸ್ಟಾರ್ಟ್ ಆದ್ಮೇಲೆ ಹಳೇ ಡ್ರೈವರೇ ಕೂತಿರತ್ತೆ. ಹೋದ ವಾರ ಡೆಸ್ಕ್‌ಟಾಪ್ ಮೇಲೆ ಇಟ್ಟಿದ್ದ ಮಾರ್ಕ್ಸ್ ಪಟ್ಟೀನೂ ಮಾಯ, ಅದಂತೂ ಕಣ್ಣೀರೇ ಬಂತು ನಂಗೆ. ಮಕ್ಳು ಡಿಲೀಟ್ ಮಾಡಿದಾರೆ ಅಂತ ಅವ್ರಿಗೆ ಬೈದೆ.

ಕ್ಯಾತ್ಸಂದ್ರ_ಸರ್ವೀಸ್ | ಸೋಮವಾರ, ಸಂಜೆ 4:10

ಮೇಡಂ ಮಕ್ಳಿಗೆ ಬೈಬೇಡಿ, ಅವರ್ದೇನೂ ತಪ್ಪಿಲ್ಲ. ಕೆಳಗೆ ಬಲಗಡೆ ಗಡಿಯಾರದ ಪಕ್ಕ ಸಣ್ಣ ಬಾಣದ ಗುರ್ತು ಒತ್ತಿ ನೋಡಿ, ಬಿಳಿ ಕರಡಿ ಥರ ಐಕಾನ್ ಏನಾದ್ರೂ ಇದ್ಯಾ?

ಚಿನ್ನದೂರು_ಮೇಡಂ | ಸೋಮವಾರ, ಸಂಜೆ 4:22

ಇದೆ!! ನಾನು ಅದು ಆ್ಯಂಟಿವೈರಸ್ ಅಂದ್ಕೊಂಡಿದ್ದೆ

ಕ್ಯಾತ್ಸಂದ್ರ_ಸರ್ವೀಸ್ | ಸೋಮವಾರ, ಸಂಜೆ 4:35

ಅದು ಡೀಪ್ ಫ್ರೀಜ್ ಅಂತ ಮೇಡಂ. ಸೈಬರ್ ಸೆಂಟರ್, ಶಾಲೆ ಲ್ಯಾಬುಗಳಿಗೆ ಬೇಕು ಅಂತಾನೇ ಹಾಕೋದು. ಹಾರ್ಡ್‌ಡಿಸ್ಕ್ ಯಾವ ಸ್ಥಿತೀಲಿ ಇತ್ತೋ ಹಾಗೇ ಹೆಪ್ಪುಗಟ್ಟಿಸಿ ಇಡ್ತದೆ, ಆಮೇಲೆ ಯಾರು ಏನೇ ಬದಲಾಯಿಸಿದ್ರೂ ರೀಸ್ಟಾರ್ಟ್ ಆದ್ರೆ ಅಳಿಸಿ ಹೋಗ್ತದೆ. ವೈರಸ್ ಬಂದ್ರೂ ಹೋಗ್ತದೆ, ನಿಮ್ಮ ಮಾರ್ಕ್ಸ್ ಪಟ್ಟೀನೂ ಹೋಗ್ತದೆ. ಅದು ಅದ್ರ ಕೆಲಸ ಸರಿಯಾಗೇ ಮಾಡ್ತಿದೆ.

ಶಿಫ್ಟ್ ಒತ್ತಿ ಹಿಡಿದು ಕರಡಿ ಮೇಲೆ ಡಬಲ್ ಕ್ಲಿಕ್ ಮಾಡಿದ್ರೆ ಪಾಸ್‌ವರ್ಡ್ ಕೇಳ್ತದೆ. ಲ್ಯಾಬ್ ಸೆಟಪ್ ಮಾಡ್ಕೊಟ್ಟೋರ ಹತ್ರ ಇರ್ತದೆ ಕೇಳಿ. ಒಳಗೆ ಬೂಟ್ ಥಾಡ್ ಅಂತ ಆರಿಸಿ ರೀಸ್ಟಾರ್ಟ್ ಮಾಡಿದ್ರೆ ಹೆಪ್ಪು ಬಿಡ್ತದೆ, ಕರಡಿ ಮೇಲೆ ಕೆಂಪು ಇಂಟು ಮಾರ್ಕ್ ಮಿಣಮಿಣ ಅಂತದೆ. ಆಗ ಸೌಂಡ್ ಎಲ್ಲಾ ನಿಮಗೆ ಬೇಕಾದಂಗೆ ಇಟ್ಟು, ಮತ್ತೆ ಬೂಟ್ ಫ್ರೋಜನ್ ಮಾಡಿ. ಫೈಲ್‌ಗಳನ್ನ ಪೆನ್‌ಡ್ರೈವಲ್ಲಿ ಇಡಿ.

ಚಿನ್ನದೂರು_ಮೇಡಂ | ಸೋಮವಾರ, ಸಂಜೆ 4:41

ಅಯ್ಯೋ ದೇವ್ರೇ. ಒಂದು ವರ್ಷದಿಂದ ಒದ್ದಾಡ್ತಿದೀನಿ ಸಾರ್. ಪಾಸ್‌ವರ್ಡ್ ಯಾರ ಹತ್ರ ಇದೆ ಅಂತ ಹುಡುಕ್ಬೇಕು, ಹಳೇ ಹೆಚ್ಚೆಮ್ ರಿಟೈರ್ ಆಗಿದಾರೆ.

ಗುಬ್ಬಿ_ಗುರು | ಮಂಗಳವಾರ, ಬೆಳಗ್ಗೆ 9:50

ಮೇಡಂ ಪ್ರಾಬ್ಲಮ್ ಅರ್ಧ ಗಂಟೇಲಿ ಸಾಲ್ವ್ ಆಯ್ತು, ನನ್ದು ಮಾತ್ರ ಹಂಗೇ ಇದೆ ನೋಡಿ 😅

ಎಚ್‌ಡಿಎಂಐ ಆಫ್ ಮಾಡಿದ್ದು ನಿಂತ್ಕೊಂಡಿದೆ, ಇವತ್ತು ಬೆಳಗ್ಗೆ ಮಾನಿಟರ್‌ಗೆ ಹೋಗಿರ್ಲಿಲ್ಲ, ಅದಕ್ಕೆ ಥ್ಯಾಂಕ್ಸ್ ಚಟ್ನಿ ಅವ್ರೆ. ಆದ್ರೆ ಆಟೋ ಮ್ಯೂಟ್ ಮತ್ತೆ ಎನೇಬಲ್ಡ್. ಇನ್ನೊಂದು ವಿಚಿತ್ರ ಏನಂದ್ರೆ ನಿನ್ನೆ ನೀವು ಹೇಳಿದ ಕಮಾಂಡ್ ಕೊಟ್ಟ ತಕ್ಷಣವೇ, ರೀಸ್ಟಾರ್ಟೂ ಮಾಡಿಲ್ಲ ಏನೂ ಇಲ್ಲ, ಕಣ್ಣೆದುರಿಗೇ ಸ್ಪೀಕರ್ ಆಫ್ ಆಯ್ತು. ಆಲ್ಸಾಮಿಕ್ಸರ್ ತೆಗೆದು ನೋಡಿದ್ರೆ ಡಿಸೇಬಲ್ ಮಾಡಿದ್ದು ಎನೇಬಲ್ ಆಗಿ ಕೂತಿತ್ತು. ನಿಮ್ಮ ಕಮಾಂಡ್ ಉಲ್ಟಾ ಕೆಲಸ ಮಾಡ್ತು!

ನಂದಿ_ಗಾಳಿ | ಮಂಗಳವಾರ, ಬೆಳಗ್ಗೆ 10:15

ಚಿಕ್ಕಬಳ್ಳಾಪುರದಿಂದ ನನ್ನ ಅನುಭವ ಹೇಳ್ತೀನಿ. ನನ್ ಸಿಸ್ಟಂ ಕ್ಯಾಬಿನೆಟ್ ಬಹಳ ಹಳೇದು, ಮುಂದಿನ ಜ್ಯಾಕಿನ ವೈರು ಎಸಿ97 ಅನ್ನೋ ಹಳೇ ಸೌಂಡ್ ಪದ್ಧತಿ ಕಾಲದ್ದು. ಅದಕ್ಕೆ ಬಯಾಸ್‌ನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗ್ ಇರೋ ಜಾಗ) ಫ್ರಂಟ್ ಪ್ಯಾನಲ್ ಅನ್ನೋದನ್ನ ಎಚ್‌ಡಿ ಇಂದ ಎಸಿ97ಕ್ಕೆ ಬದಲಾಯಿಸಿದ್ರೆ ಮಾತ್ರ ಹೆಡ್‌ಫೋನ್ ಕೇಳೋದು. ರಾತ್ರಿ ಪ್ಲಗ್ ಕಿತ್ರೆ ಬೆಳಗ್ಗೆ ಅದು ಮತ್ತೆ ಎಚ್‌ಡಿ. ಒಂದು ತಿಂಗ್ಳು ವಿಂಡೋಸ್‌ಗೆ ಶಾಪ ಹಾಕಿದೀನಿ. ಕೊನೇಗೆ ನೋಡಿದ್ರೆ ಬೋರ್ಡ್ ಮೇಲಿನ ಬಿಲ್ಲೆ ಬ್ಯಾಟರಿ, ಸಿಆರ್2032, ಸತ್ತೋಗಿತ್ತು. ಡೇಟು ದಿನಾ 2013ಕ್ಕೆ ಹೋಗ್ತಿತ್ತು, ನಾನು ಅದನ್ನ ತಲೆಗೇ ಹಾಕೊಂಡಿರ್ಲಿಲ್ಲ, ಡೇಟ್ ಯಾರು ನೋಡ್ತಾರೆ. ವಾಚ್ ರಿಪೇರಿಯೋರ ಹತ್ರ ಬ್ಯಾಟರಿ ತಗೊಂಡು ಹಾಕ್ದೆ, ಮುಗೀತು. ನಿಮ್ದೂ ಅದೇ ಇರ್ಬಹುದು ನೋಡಿ.

ಗುಬ್ಬಿ_ಗುರು | ಮಂಗಳವಾರ, ಬೆಳಗ್ಗೆ 10:24

ಇಲ್ಲಣ್ಣ ನಮ್ದು ಟೈಮ್ ಕರೆಕ್ಟಾಗಿ ತೋರ್ಸುತ್ತೆ

ಮಿಂಟ್_ಚಟ್ನಿ | ಮಂಗಳವಾರ, ಮಧ್ಯಾಹ್ನ 1:05

ನಂದಿ ಅವ್ರು ಹೇಳಿದ್ದು ಒಳ್ಳೇ ಪಾಯಿಂಟು. ಗುರು, ಇಂಟರ್ನೆಟ್ ಇದ್ರೆ ಮಿಂಟ್ ತಾನೇ ಟೈಮ್ ಸರಿ ಮಾಡ್ಕೊಳ್ತದೆ, ಅದಕ್ಕೆ ಪರದೆ ಮೇಲಿನ ಟೈಮ್ ನೋಡಿ ಬ್ಯಾಟರಿ ಚೆನ್ನಾಗಿದೆ ಅನ್ನೋಕಾಗಲ್ಲ. ಬೆಳಗ್ಗೆ ಆನ್ ಮಾಡ್ದಾಗ ಡೆಲ್ ಕೀ ಒತ್ತಿ ಬಯಾಸ್ ಒಳಗೇ ನೋಡಿ. ಆದ್ರೂ ಆಟೋ ಮ್ಯೂಟ್ ಬಯಾಸ್‌ನಲ್ಲಿ ಇರೋದಲ್ಲ, ಹಾಗಾಗಿ ನಿಮ್ಮ ಕೇಸಲ್ಲಿ ಬ್ಯಾಟರಿ ಮೇಲೆ ನನಗೆ ಅನುಮಾನ ಇಲ್ಲ.

ಈಗ ಆ ಉಲ್ಟಾ ಕಮಾಂಡ್ ವಿಷಯ. ನಿಜ ಹೇಳಿ, ಸ್ಟೋರ್ ಅಂತ ಹೊಡೆದ್ರಾ ಇಲ್ಲ ರೀಸ್ಟೋರ್ ಅಂತ ಹೊಡೆದ್ರಾ?

ಗುಬ್ಬಿ_ಗುರು | ಮಂಗಳವಾರ, ಮಧ್ಯಾಹ್ನ 1:20

...ರೀಸ್ಟೋರ್. ಸೆಟ್ಟಿಂಗ್ ವಾಪಸ್ ಬರ್ಬೇಕಲ್ಲ ಅಂತ ಅದೇ ಸರಿ ಅನ್ನಿಸ್ತು. ನೀವು ಅಂಗಡಿ ಅಂದಿದ್ದು ನೆನಪಿತ್ತು, ನೀವೇ ರೀ ಹಾಕೋದು ಮರ್ತಿದೀರ ಅಂದ್ಕೊಂಡೆ

ಫಾರ್ಮ್ಯಾಟ್_ಮಾಡಿ_ಬಿಸಾಕು | ಮಂಗಳವಾರ, ಮಧ್ಯಾಹ್ನ 1:22

😂😂😂

ಮಿಂಟ್_ಚಟ್ನಿ | ಮಂಗಳವಾರ, ಮಧ್ಯಾಹ್ನ 1:48

ನಗ್ಬೇಡ್ರಪ್ಪ, ಆ ತಪ್ಪಿಂದಾನೇ ದಾರಿ ಸಿಕ್ತು. ಸ್ಟೋರ್ ಅಂದ್ರೆ ಈಗಿರೋದನ್ನ ಫೈಲ್‌ಗೆ ಬರಿ ಅಂತ. ರೀಸ್ಟೋರ್ ಅಂದ್ರೆ ಫೈಲಲ್ಲಿ ಇರೋದನ್ನ ಓದಿ ಹಾಗೇ ಇಡು ಅಂತ. ನೀವು ರೀಸ್ಟೋರ್ ಕೊಟ್ರಿ, ಅದು ಎನೇಬಲ್ ಮಾಡ್ತು. ಅಂದ್ರೆ ಫೈಲ್ ಒಳಗಡೆ ಎನೇಬಲ್ಡ್ ಅಂತಾನೇ ಬರೆದಿದೆ. ಬೆಳಗ್ಗೆ ಸಿಸ್ಟಂ ಆನ್ ಆದಾಗ್ಲೂ ಇದೇ ರೀಸ್ಟೋರ್ ತಾನೇ ಓಡ್ತದೆ. ಸಿಸ್ಟಂ ನಿಮ್ಮ ಸೆಟ್ಟಿಂಗ್ ಮರೀತಿಲ್ಲ ಗುರು, ಯಾವಾಗಿಂದೋ ಬರೆದಿಟ್ಟಿರೋ ಹಳೇದನ್ನ ದಿನಾ ನಿಯತ್ತಾಗಿ ಓದಿ ಒಪ್ಪಿಸ್ತಿದೆ.

ಈಗ ಸುಡೋ ಹಾಕಿ ರೀ ಇಲ್ಲದ ಸ್ಟೋರ್ ಕೊಟ್ರೆ ನಿಮ್ಮ ಕೆಲಸ ಆಗೋಗ್ತದೆ. ಆದ್ರೆ ಕೊಡ್ಬೇಡಿ, ಒಂದು ನಿಮಿಷ ತಡೀರಿ. ಯಾಕಂದ್ರೆ ಆ ಫೈಲ್‌ನ ನೀವು ಕೈಯಾರೆ ಬರೆಯೋ ಅಗತ್ಯನೇ ಇಲ್ಲ, ಪ್ರತಿ ಸಲ ಶಟ್‌ಡೌನ್ ಆಗೋವಾಗ ತಾನೇ ಸ್ಟೋರ್ ಓಡ್ತದೆ. ನಿಮ್ಮಲ್ಲಿ ಅದು ಓಡ್ತಿಲ್ಲ. ಯಾಕೆ ಅನ್ನೋದು ಗೊತ್ತಾಗ್ಬೇಕಲ್ಲ.

ಫೈಲ್ ಮ್ಯಾನೇಜರ್‌ನಲ್ಲಿ ಫೈಲ್ ಸಿಸ್ಟಂ ತೆಗೀರಿ, ಅದ್ರೊಳಗೆ ವಾರ್, ಅದ್ರೊಳಗೆ ಲಿಬ್, ಅದ್ರೊಳಗೆ ಆಲ್ಸಾ. ಎ-ಸೌಂಡ್ ಡಾಟ್ ಸ್ಟೇಟ್ ಅಂತ ಫೈಲ್ ಇರ್ತದೆ. ಮುಟ್ಬೇಡಿ, ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ಮಾಡಿಫೈಡ್ ತಾರೀಕು ಎಷ್ಟಿದೆ ಹೇಳಿ ಸಾಕು.

ಗುಬ್ಬಿ_ಗುರು | ಮಂಗಳವಾರ, ಮಧ್ಯಾಹ್ನ 2:30

ನವೆಂಬರ್ 1 ಅಂತಿದೆ. ಸಂಜೆ 6:12.

ಅದು ರಾಜ್ಯೋತ್ಸವದ ದಿನ, ನೆನಪಿದೆ ಯಾಕಂದ್ರೆ ಅವತ್ತೇ ಮಿಂಟ್ ಹಾಕಿದ್ದು. ಮಾವ ಇರ್ಲಿಲ್ಲ, ಅಂಗಡಿ ಅರ್ಧ ಶಟರ್ ಎಳ್ಕೊಂಡು ಆರಾಮಾಗಿ ಕೂತು ಇನ್‌ಸ್ಟಾಲ್ ಮಾಡಿದ್ದೆ. ಅಂದ್ರೆ ಆವತ್ತಿಂದ ಇವತ್ತಿನ ತನ್ಕ ಒಂದ್ಸಲಾನೂ ಬರೆದೇ ಇಲ್ವಾ ಅದು?

ಕ್ಯಾತ್ಸಂದ್ರ_ಸರ್ವೀಸ್ | ಮಂಗಳವಾರ, ಮಧ್ಯಾಹ್ನ 2:44

ಡಿಸ್ಕ್ ಫುಲ್ ಆಗಿದ್ಯಾ? ಇಲ್ಲ ಎಸ್‌ಎಸ್‌ಡಿ ಏನಾದ್ರೂ ಕೈ ಕೊಡ್ತಿದ್ಯಾ, ಡಿಸ್ಕ್ ಆರೋಗ್ಯ ತೋರ್ಸೋ ಸ್ಮಾರ್ಟ್ ರಿಪೋರ್ಟ್ ನೋಡ್ರಿ

ಗುಬ್ಬಿ_ಗುರು | ಮಂಗಳವಾರ, ಮಧ್ಯಾಹ್ನ 2:58

120 ಜಿಬಿಯಲ್ಲಿ 71 ಖಾಲಿ ಇದೆ. ರೆಕಾರ್ಡಿಂಗ್ ಎಲ್ಲಾ ಸೇವ್ ಆಗ್ತಿದೆ, ಏನೂ ತೊಂದ್ರೆ ಇಲ್ಲ

ಹಳೇ_ರೇಡಿಯೋ | ಮಂಗಳವಾರ, ಸಂಜೆ 6:30

ನನಗೆ ಲಿನಕ್ಸ್ ಪಿನಕ್ಸ್ ತಿಳಿಯೋದಿಲ್ಲ. ಮೂವತ್ತು ವರ್ಷ ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಮಾಡಿದೋನು. ಒಂದು ಮಾತು ಕೇಳ್ತೀನಿ ಕಂದಾ. ರಾತ್ರಿ ಆ ಮಿಷನ್‌ನ ಹ್ಯಾಗೆ ನಿಲ್ಲಿಸ್ತೀಯ? ಏನೇನು ಮಾಡ್ತೀಯೋ ಒಂದೊಂದಾಗಿ ಹೇಳು, ಏನೂ ಬಿಡದ ಹಾಗೆ.

ಗುಬ್ಬಿ_ಗುರು | ಮಂಗಳವಾರ, ರಾತ್ರಿ 9:40

ತಾತ, ಶಟ್‌ಡೌನ್ ಮಾಡೇ ಹೋಗ್ತೀನಿ, ಪ್ರಾಮಿಸ್. ಗುಬ್ಬಿ ಬಸ್ಸಿಗೆ ಓಡೋ ಅವಸರದಲ್ಲೂ ಅದನ್ನ ತಪ್ಪಿಸಿಲ್ಲ. ಈಗ ಬಸ್ಸಲ್ಲೇ ಕೂತು ಬರೀತಿದೀನಿ.

ಒಂದೊಂದಾಗಿ ಅಂದ್ರೆ, ಮೊದ್ಲು ಜೆರಾಕ್ಸ್ ಮಿಷನ್ ಆಫ್. ಆಮೇಲೆ ಸಿಪಿಯು ಬಟನ್ ಒಂದ್ಸಲ ಒತ್ತುತೀನಿ, ಪರದೆ ಮೇಲೆ ಸಣ್ಣ ಬಾಕ್ಸ್ ಬರ್ತದೆ, 60 ಸೆಕೆಂಡಲ್ಲಿ ಸಿಸ್ಟಂ ತಾನೇ ಶಟ್‌ಡೌನ್ ಆಗ್ತದೆ ಅಂತ. ಸರಿ ಅಂತ ಮಾನಿಟರ್ ಆಫ್ ಮಾಡಿ, ಕ್ಯಾಶ್ ಡಬ್ಬಿ ತಗೊಂಡು, ಹೊರಗಿನ ಬೋರ್ಡ್ ಒಳಗೆ ಇಡ್ತೀನಿ. ಮಾವ ಅಷ್ಟೊತ್ಗೆ ಮೇನ್ ಸ್ವಿಚ್ ಇಳಿಸಿ ಶಟರ್ ಎಳೀತಾರೆ. ಹಿಂದೆ ಒಂದ್ಸಲ ಇಲಿ ವೈರ್ ಕಡಿದು ಶಾರ್ಟ್ ಸರ್ಕ್ಯೂಟ್ ಆಗಿ ಒಂದು ಬಂಡಲ್ ಪೇಪರ್ ಸುಟ್ಟಿತ್ತು, ಅವತ್ತಿಂದ ಮೇನ್ ಆಫ್ ಮಾಡ್ದೇ ಮಾವ ಹೊಸಿಲು ದಾಟಲ್ಲ.

ಬರೀತಾ ಬರೀತಾ ನನಗೇ ಡೌಟ್ ಬರ್ತಿದೆ. ಬೋರ್ಡ್ ಒಳಗಿಡೋಕೆ 60 ಸೆಕೆಂಡ್ ಆಗ್ತದಾ?

ಹಳೇ_ರೇಡಿಯೋ | ಮಂಗಳವಾರ, ರಾತ್ರಿ 9:52

ನಾಳೆ ಎಣಿಸಿ ನೋಡು.

ಮಿಂಟ್_ಚಟ್ನಿ | ಮಂಗಳವಾರ, ರಾತ್ರಿ 10:05

ತಾತ, ನಿಮ್ಮ ಕಾಲಿಗೆ ಬಿದ್ದೆ. ನಾನು ಎರಡು ದಿನ ಲೇಯರು ಲೇಯರು ಅಂತ ಕೊರೆದೆ, ಈ ಪ್ರಶ್ನೆ ಕೇಳೇ ಇಲ್ಲ.

ಯುಪಿಎಸ್ ಇಲ್ವಾ ಗುರು?

ಗುಬ್ಬಿ_ಗುರು | ಮಂಗಳವಾರ, ರಾತ್ರಿ 10:09

ಇದೆ. ಬ್ಯಾಟರಿ ಹೋಗಿ ಆರು ತಿಂಗ್ಳಾಯ್ತು, ಈಗ ಎಕ್ಸ್‌ಟೆನ್ಷನ್ ಬಾಕ್ಸ್ ಥರ ಇದೆ

ಮಿಂಟ್_ಚಟ್ನಿ | ಮಂಗಳವಾರ, ರಾತ್ರಿ 10:20

ಸರಿ ಹೋಯ್ತು. ನಾಳೆ ಬೆಳಗ್ಗೆ ಟರ್ಮಿನಲ್‌ನಲ್ಲಿ ಎಲ್ ಎ ಎಸ್ ಟಿ, ಲಾಸ್ಟ್ ಅಂತ ಒಂದೇ ಪದ ಹೊಡೀರಿ. ಯಾವಾಗ ಆನ್ ಆಯ್ತು ಯಾವಾಗ ಆಫ್ ಆಯ್ತು ಎಲ್ಲಾ ದಿನಚರಿ ಥರ ಬರ್ತದೆ. ಸರಿಯಾಗಿ ಶಟ್‌ಡೌನ್ ಆಗಿರೋ ದಿನ ಡೌನ್ ಅಂತ ಇರ್ತದೆ, ಕರೆಂಟ್ ಹೋಗಿ ಸತ್ತ ದಿನ ಕ್ರ್ಯಾಶ್ ಅಂತ ಇರ್ತದೆ. ಇದಕ್ಕೆ ರೀ ಪೀ ಏನೂ ಹಾಕ್ಬೇಡಿ.

ಎಚ್‌ಡಿಎಂಐ ಆಫ್ ಮಾಡಿದ್ದು ಯಾಕೆ ನಿಂತ್ತು, ಆಟೋ ಮ್ಯೂಟ್ ಯಾಕೆ ನಿಲ್ಲಲಿಲ್ಲ ಅನ್ನೋದೂ ಈಗ ಅರ್ಥ ಆಗ್ತದೆ. ಪಲ್ಸ್ ಏನಾದ್ರೂ ಬದಲಾದ್ರೆ ಹತ್ತು ಸೆಕೆಂಡ್ ಆಚೆ ಈಚೆ ಬರ್ಕೊಂಡ್ಬಿಡ್ತದೆ, ಶಟ್‌ಡೌನ್‌ಗೆ ಕಾಯಲ್ಲ. ಆಲ್ಸಾ ಹಾಗಲ್ಲ, ಅದು ದಿನದ ಲೆಕ್ಕನ ಅಂಗಡಿ ಮುಚ್ಚೋವಾಗ ಬರೆಯೋ ಶೆಟ್ರು. ಶೆಟ್ರು ಪೆನ್ನು ತೆಗೆಯೋ ಹೊತ್ಗೆ ನಿಮ್ಮ ಮಾವ ದೀಪ ಆರಿಸ್ತಿದಾರೆ.

ಗುಬ್ಬಿ_ಗುರು | ಬುಧವಾರ, ಬೆಳಗ್ಗೆ 9:35

ಲಾಸ್ಟ್ ಹೊಡೆದೆ. ಕ್ರ್ಯಾಶ್. ಕ್ರ್ಯಾಶ್. ಕ್ರ್ಯಾಶ್. ಕೆಳಗಿಂದ ಮೇಲಿನ ತನ್ಕ ಬೇರೆ ಪದಾನೇ ಇಲ್ಲ, ಒಂದು ದಿನಕ್ಕೆ ಎರಡೆರಡು ಸಲಾನೂ ಇದೆ, ಮಧ್ಯಾಹ್ನ ಕರೆಂಟ್ ಹೋದ ದಿನ ಇರ್ಬೇಕು. ನಾಚಿಕೆ ಆಯ್ತು.

ಕ್ಯಾತ್ಸಂದ್ರ_ಸರ್ವೀಸ್ | ಬುಧವಾರ, ಬೆಳಗ್ಗೆ 9:50

ನಾಚಿಕೆ ಇರ್ಲಿ, ಆ ಎಸ್‌ಎಸ್‌ಡಿ ಇನ್ನೂ ಬದುಕಿದ್ಯಲ್ಲ ಅದಕ್ಕೆ ಒಂದು ಕಾಯಿ ಒಡೀರಿ. ನನ್ನ ಅಂಗಡೀಗೆ ಬರೋ ಡಿಸ್ಕುಗಳಲ್ಲಿ ಹೀಗೆ ಕರೆಂಟ್ ಎಳೆದು ಸಾಯಿಸಿರೋವೇ ಜಾಸ್ತಿ. ರೆಕಾರ್ಡಿಂಗ್ ಎಲ್ಲಾ ಇವತ್ತೇ ಒಂದು ಕಾಪಿ ಬೇರೆ ಕಡೆ ಇಟ್ಕೊಳ್ಳಿ, ಜಾತ್ರೆ ಟೈಮಲ್ಲಿ ಕೈ ಕೊಟ್ರೆ ಅಳೋದೂ ಕಷ್ಟ.

ಮಿಂಟ್_ಚಟ್ನಿ | ಬುಧವಾರ, ಮಧ್ಯಾಹ್ನ 1:10

ಈಗ ಆಲ್ಸಾಮಿಕ್ಸರ್‌ನಲ್ಲಿ ಡಿಸೇಬಲ್ ಮಾಡಿ, ಸುಡೋ ಹಾಕಿ, ಸ್ಟೋರ್ ಕೊಡಿ. ಆ ಫೈಲ್‌ನ ತಾರೀಕು ಇವತ್ತಿಗೆ ಬಂತಾ ನೋಡ್ಕೊಳ್ಳಿ. ಬಂದ್ರೆ ಇನ್ಮೇಲೆ ಮೇನ್ ಎಳೆದ್ರೂ ಬೆಳಗ್ಗೆ ಡಿಸೇಬಲ್ಡ್ ಆಗೇ ಏಳ್ತದೆ. ರಾತ್ರಿ ಆ ಬಾಕ್ಸ್ ಬಂದಾಗ ಕಾಯ್ಬೇಡಿ, ಅದ್ರಲ್ಲೇ ಶಟ್‌ಡೌನ್ ಅಂತ ಬಟನ್ ಇದೆ ಒತ್ತಿ. ಆ 60 ಸೆಕೆಂಡು ಇರೋದು ಯಾರೂ ಎದುರಿಗೆ ಇಲ್ದೇ ಇದ್ರೆ ಅಂತ.

ಮೈಕ್ ವಿಷಯ. ನೀವು ಬೂಸ್ಟ್‌ನ ಆಲ್ಸಾಮಿಕ್ಸರ್‌ನಲ್ಲಿ ಎತ್ತುತೀರ, ಪಲ್ಸ್ ಅದನ್ನ ಮತ್ತೆ ಇಳಿಸ್ತದೆ. ಯಾಕಂದ್ರೆ ಪಲ್ಸ್ ಪ್ರಕಾರ ಬೂಸ್ಟ್ ಬೇರೆ ಅಲ್ಲ ಮೈಕ್ ವಾಲ್ಯೂಮ್ ಬೇರೆ ಅಲ್ಲ, ಎರಡನ್ನೂ ಸೇರ್ಸಿ ಒಂದೇ ಸ್ಲೈಡರ್. ಒಂದು ಆಟ ಆಡಿ ನೋಡಿ. ಆಲ್ಸಾಮಿಕ್ಸರ್ ಒಂದು ಪಕ್ಕ ತೆಗೆದಿಟ್ಕೊಂಡು ಎಫ್5 ಒತ್ತಿ, ಇನ್ನೊಂದು ಪಕ್ಕ ಸೌಂಡ್ ಪ್ರಿಫರೆನ್ಸಸ್‌ನ ಇನ್‌ಪುಟ್ ಟ್ಯಾಬ್. ಆ ಸ್ಲೈಡರ್‌ನ ನಿಧಾನಕ್ಕೆ ಬಲಕ್ಕೆ ಎಳೀರಿ, ಆಲ್ಸಾಮಿಕ್ಸರ್‌ನಲ್ಲಿ ಬೂಸ್ಟ್ ಕಂಬ ತಾನಾಗೇ ಒಂದೊಂದು ಮೆಟ್ಲು ಹತ್ತುತ್ತದೆ, 10, 20, 30 ಡಿಬಿ ಅಂತ. ಎಲ್ಲಿ 20 ಆಗ್ತದೋ ಅಲ್ಲಿ ಬಿಡಿ. ಪೂರ್ತಿ ಎಳೀಬೇಡಿ, 30ಕ್ಕೆ ಹೋದ್ರೆ ಫ್ಯಾನ್ ಸದ್ದೂ ಜಾತ್ರೆಗೆ ಬರ್ತದೆ. ಆಮೇಲೆ ಆಲ್ಸಾಮಿಕ್ಸರ್‌ನಲ್ಲಿ ಬೂಸ್ಟ್‌ನ ಯಾವತ್ತೂ ಮುಟ್ಬೇಡಿ.

ಇನ್ನೊಂದು, ಮುಂದೆ ಮಿಂಟ್ 22ಕ್ಕೆ ಹೋದ್ರೆ ಅಲ್ಲಿ ಪಲ್ಸ್ ಬದಲು ಪೈಪ್‌ವೈರ್. ಅದ್ರ ನೆನಪಿನ ಡಬ್ಬಿ ಬೇರೆ, ಹೋಮ್ ಫೋಲ್ಡರ್‌ನ ಲೋಕಲ್, ಸ್ಟೇಟ್ ಒಳಗೆ ವೈರ್‌ಪ್ಲಂಬರ್ ಅಂತ. ಆಲ್ಸಾ ಶೆಟ್ರು ಮಾತ್ರ ಅಲ್ಲೂ ಅವ್ರೇ.

ನಂದಿ_ಗಾಳಿ | ಬುಧವಾರ, ಮಧ್ಯಾಹ್ನ 1:30

ಇಷ್ಟೆಲ್ಲಾ ಓದಿದ್ಮೇಲೂ ನನಗೆ ಬ್ಯಾಟರಿ ಮೇಲೇ ಅನುಮಾನ 😄

ಗುಬ್ಬಿ_ಗುರು | ಶನಿವಾರ, ಬೆಳಗ್ಗೆ 10:10

ಮೂರು ದಿನ ನೋಡಿ ಆಮೇಲೆ ಬರೀಬೇಕು ಅಂತ ಸುಮ್ನಿದ್ದೆ. ಮೂರು ದಿನದಿಂದ ಬೆಳಗ್ಗೆ ಆನ್ ಮಾಡಿದ್ರೆ ಸೀದಾ ಸ್ಪೀಕರಲ್ಲೇ ಬರ್ತಿದೆ, ಮೈಕೂ ಇಟ್ಟಲ್ಲೇ ಇದೆ. ಸ್ಲೈಡರ್ ಎಳೆದಾಗ ಆ ಬೂಸ್ಟ್ ಕಂಬ ತಾನೇ ಹತ್ತೋದು ನೋಡಿ ಮಾವನ್ನೂ ಕರೆದು ತೋರಿಸ್ದೆ, ಅವ್ರು ದೆವ್ವ ಮೆಟ್ಕೊಂಡಿದ್ಯಾ ಅಂದ್ರು. ಫ್ಯಾನ್ ಸದ್ದೂ ಹೋಯ್ತು, ಮೊದ್ಲು ನಾನು ಅದಕ್ಕೆ ಫ್ಯಾನ್ ಆಫ್ ಮಾಡ್ಕೊಂಡು ಬೆವರು ಸುರಿಸ್ಕೊಂಡು ರೆಕಾರ್ಡ್ ಮಾಡ್ತಿದ್ದೆ.

ಬುಧವಾರ ರಾತ್ರಿ ತಾತ ಹೇಳಿದಂಗೆ ಎಣಿಸ್ದೆ. ಬಟನ್ ಒತ್ತಿದ್ಮೇಲೆ ಮಾವ ಮೇನ್ ಇಳಿಸೋಕೆ ತಗೊಂಡಿದ್ದು 22 ಸೆಕೆಂಡು. ಈಗ ಬಾಕ್ಸಲ್ಲಿ ಶಟ್‌ಡೌನ್ ಒತ್ತಿ, ಸಿಪಿಯು ಲೈಟ್ ಆರಿದ್ಮೇಲೆ ನಾನು ಹ್ಞೂಂ ಅಂತೀನಿ, ಆಮೇಲೆ ಅವ್ರು ಇಳಿಸ್ತಾರೆ. ಮೊದಲ್ನೇ ದಿನ ಗೊಣಗಾಡಿದ್ರು, ಏನೋ ಇದು ಮಂಗಳಾರತಿ ಥರ ಕಾಯ್ಬೇಕಾ ಅಂತ. ಇವತ್ತು ಬೆಳಗ್ಗೆ ಲಾಸ್ಟ್ ಹೊಡೆದ್ರೆ ಮೇಲ್ಗಡೆ ಮೂರು ಸಾಲಲ್ಲಿ ಡೌನ್ ಅಂತಿದೆ.

ಚಿನ್ನದೂರು_ಮೇಡಂ | ಶನಿವಾರ, ಬೆಳಗ್ಗೆ 11:25

ನಮ್ದೂ ಆಯ್ತು. ಪಾಸ್‌ವರ್ಡು ಲ್ಯಾಬ್ ಬೀರೂ ಬಾಗಿಲ ಒಳಗಡೆ ಚೀಟೀಲಿ ಅಂಟಿಸಿದ್ರು, ಅದ್ರ ಮೇಲೆ ಯಾರೋ ಕ್ಯಾಲೆಂಡರ್ ನೇತಾಕಿದ್ರು. 12 ಸಿಸ್ಟಮ್ಮೂ ಮುಗಿಸೋಕೆ ಒಂದು ಇಡೀ ದಿನ ಹಿಡೀತು. ಬೈಸ್ಕೊಂಡ ಹುಡುಗ್ರಿಗೆ ಸಾರಿ ಹೇಳ್ದೆ, ಅವ್ರು ಪರವಾಗಿಲ್ಲ ಮಿಸ್ ಅಂದ್ಬಿಟ್ಟು ಗೇಮ್ ಹಾಕೊಡಿ ಅಂದ್ರು.

ಹಳೇ_ರೇಡಿಯೋ | ಶನಿವಾರ, ಸಂಜೆ 5:40

ಸಂತೋಷ ಕಂದಾ. ಆ ಯುಪಿಎಸ್ ಬ್ಯಾಟರಿ?

ಗುಬ್ಬಿ_ಗುರು | ಶನಿವಾರ, ರಾತ್ರಿ 9:44

ಕೇಳ್ದೆ ತಾತ. ಜಾತ್ರೆ ಮುಗೀಲಿ ನೋಡೋಣ ಅಂದಿದಾರೆ. ಯಾವ ವರ್ಷದ ಜಾತ್ರೆ ಅಂತ ಹೇಳಿಲ್ಲ.